ನೋವು ಹೇಳದ ಅಂಗಾಲು

ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಹರಿಹರದ ಹರಿಹರೇಶ್ವರ ದೇವಸ್ಥಾನದ ಹೊರಗಿನ ಕಲ್ಲುಹಾಸು ದೋಸೆ ಹಂಚಿನಂತೆ ಕಾದಿರುತ್ತದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಈ ಗುಡಿಗೆ ಬರುವ ಹರೆಯದವರು ನೆರಳಿನಿಂದ ನೆರಳಿಗೆ ಓಡುತ್ತಾ ಪ್ರದಕ್ಷಿಣೆ ಮುಗಿಸುತ್ತಾರೆ. ಅವರ ಹಿಂದೆಯೇ ಯಾವ ಚಡಪಡಿಕೆಯೂ ಇಲ್ಲದೆ, ಒಂದೊಂದೇ ಹೆಜ್ಜೆ ಇಡುತ್ತಾ ಸುತ್ತು ಬರುವ ಹಿರಿಯರಿರುತ್ತಾರೆ. ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಾರೆ. ಆದರೆ ಆ ಹಿರಿಯರಲ್ಲಿ ಕೆಲವರಿಗೆ ಬಿಸಿಯೇ ಗೊತ್ತಾಗಿರುವುದಿಲ್ಲ. ಸಂಜೆ ಮನೆಯಲ್ಲಿ ಕಾಲು ತೊಳೆಯುವಾಗ ಅಂಗಾಲಿನಲ್ಲಿ ನೀರು ತುಂಬಿದ ಬೊಬ್ಬೆ ಕಂಡಾಗಲೇ ಸುಟ್ಟಿದ್ದು ತಿಳಿಯುವುದು. ಕಣ್ಣು ಮಂಜಾಗಿದ್ದು, ಬಗ್ಗಿ ನೋಡಲು ಸೊಂಟ ಬಿಡದಿದ್ದರೆ ಆಗಲೂ ತಿಳಿಯುವುದಿಲ್ಲ.

50 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲ್ಮೈಗೆ ಕೆಲವು ನಿಮಿಷ ತಾಗಿಕೊಂಡಿದ್ದರೆ ಚರ್ಮ ಸುಡುತ್ತದೆ. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಆರೋಗ್ಯವಂತ ಕಾಲು ಅಷ್ಟರೊಳಗೆ ತಾನಾಗಿಯೇ ಹಿಂದೆ ಸರಿದಿರುತ್ತದೆ. ಸ್ಪರ್ಶ ಸತ್ತ ಕಾಲು ಅಲ್ಲೇ ಊರಿಕೊಂಡಿರುತ್ತದೆ.

ಕಾಲಿನ ಸ್ಪರ್ಶ ಕಳೆಯುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿಕೊಂಡೇ ಇದ್ದರೆ ಮೊದಲು ಸೊರಗುವುದು ದೇಹದ ಅತಿ ಉದ್ದದ ನರಗಳು. ಅವು ಕೊನೆಗೊಳ್ಳುವುದು ಕಾಲ್ಬೆರಳ ತುದಿಯಲ್ಲಿ. ಹಾಗಾಗಿ ಜೋಮು, ಉರಿ, ಇರುವೆ ಹರಿದಾಡಿದ ಅನುಭವ ಎಲ್ಲವೂ ಬೆರಳಲ್ಲಿ ಶುರುವಾಗಿ ಮೇಲೇರುತ್ತವೆ. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗದಿರುವುದು ಇದರ ಒಂದು ಖಚಿತ ಲಕ್ಷಣ. ಮಕ್ಕಳು ಇದನ್ನು ಮರೆವು ಎಂದು ಭಾವಿಸುತ್ತಾರೆ. ಮದ್ಯಪಾನ, ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆಯಿಂದಲೂ ನರಗಳು ಹೀಗೆಯೇ ಸೊರಗುತ್ತವೆ. ಮಾಂಸಾಹಾರ ಮುಟ್ಟದ, ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿರುವ ಹಿರಿಯರಲ್ಲಿ ಬಿ12 ಕಡಿಮೆಯಾಗುವ ಸಾಧ್ಯತೆ ಹೆಚ್ಚು. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ಚಿಕಿತ್ಸೆಯೂ ಸುಲಭ.

ಸ್ಪರ್ಶ ಉಳಿದಿದೆಯೇ ಎಂದು ನೋಡಲು ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ತಿಳಿಯಿತೇ ಎಂದು ಕೇಳುತ್ತಾರೆ, ಶ್ರುತಿಕವೆಯನ್ನು ಹೆಬ್ಬೆರಳಿನ ಮೂಳೆಗೆ ಇಟ್ಟು ಕಂಪನ ತಿಳಿಯಿತೇ ಎಂದು ವಿಚಾರಿಸುತ್ತಾರೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯ ವೈದ್ಯರು ರೂಪಿಸಿದ್ದು, 2011ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿರಿಯರು ಕಣ್ಣು ಮುಚ್ಚಿ ಮಲಗಬೇಕು. ಮನೆಯವರು ತೋರುಬೆರಳ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗಳನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಮುಟ್ಟಿದ್ದು ಯಾವ ಕಾಲು ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದೆ ಹೋದರೆ ವೈದ್ಯರಿಗೆ ತೋರಿಸಲೇಬೇಕು. ಒಂದೆರಡು ನಿಮಿಷದ ಕೆಲಸವಿದು.

ದಾವಣಗೆರೆ ಮತ್ತು ಹರಿಹರದ ಹಿರಿಯರ ಕಾಲುಗಳನ್ನು ನೋಡುವಾಗ ಅವರು ಮಾಡಿದ ಕೆಲಸವನ್ನೂ ನೆನೆಯಬೇಕು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ದಾವಣಗೆರೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ಗಿರಣಿಗಳ ಸದ್ದಡಗಿತು, ಕಿರ್ಲೋಸ್ಕರ್ ಕೂಡ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಪಾಳಿಯ ಮೇಲೆ ಪಾಳಿ ಮಗ್ಗದ ಮುಂದೆ, ಲೇತಿನ ಮುಂದೆ ನಿಂತೇ ದುಡಿದ ತಲೆಮಾರು ಈಗ ಎಪ್ಪತ್ತು ದಾಟಿದೆ. ಮಂಡಕ್ಕಿ ಭಟ್ಟಿಗಳಲ್ಲಿ, ದೋಸೆ ಹೋಟೆಲುಗಳ ಒಲೆಯ ಮುಂದೆ ಹಾಗೆ ನಿಂತು ದುಡಿಯುವವರು ಇಂದಿಗೂ ಇದ್ದಾರೆ.

ದೀರ್ಘಕಾಲ ಒಂದೇ ಕಡೆ ನಿಲ್ಲುವ ಕೆಲಸದಲ್ಲಿ ಕಾಲಿನ ರಕ್ತ ಮೇಲೇರಲು ಹೆಣಗಾಡುತ್ತದೆ. ರಕ್ತ ಹಿಂದಕ್ಕೆ ಜಾರದಂತೆ ತಡೆಯುವ ಕವಾಟಗಳು ಸಡಿಲಗೊಂಡು ಮೀನಖಂಡದಲ್ಲಿ ನೀಲಿ ನಾಳಗಳು ಸುರುಳಿಸುರುಳಿಯಾಗಿ ಉಬ್ಬುತ್ತವೆ. ಇವೇ ವೆರಿಕೋಸ್ ವೇನ್ಸ್. ವರ್ಷಗಳು ಕಳೆದಂತೆ ಪಾದದ ಗಂಟಿನ ಒಳಬದಿಯ ಚರ್ಮ ಕಂದುಕಪ್ಪಾಗಿ, ಒರಟಾಗಿ, ತುರಿಸತೊಡಗುತ್ತದೆ. ಕೆರೆದ ಜಾಗದಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ಮಾಯುವುದಿಲ್ಲ. ಇಂಥ ಹುಣ್ಣಿಗೆ ಬರೀ ಮುಲಾಮು ಹಚ್ಚಿದರೆ ಸಾಲದು. ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಟ್ಟು ಮಲಗುವುದು, ಬಿಗಿ ಪಟ್ಟಿ ಅಥವಾ ಬಿಗಿ ಕಾಲುಚೀಲದಿಂದ ಒತ್ತಡ ಕೊಡುವುದು ಮುಖ್ಯ ಚಿಕಿತ್ಸೆ. ಆದರೆ ಬಿಗಿ ಕಾಲುಚೀಲವನ್ನು ಅಂಗಡಿಯಿಂದ ತಂದು ತಾವೇ ಏರಿಸಿಕೊಳ್ಳುವುದು ಅಪಾಯ. ಕಾಲಿಗೆ ರಕ್ತ ಒಯ್ಯುವ ನಾಳವೇ ಕಟ್ಟಿಕೊಂಡಿದ್ದರೆ ಆ ಬಿಗಿತ ಇದ್ದಬದ್ದ ರಕ್ತವನ್ನೂ ತಡೆದೀತು.

ಆ ನಾಳ ಕಟ್ಟುತ್ತಿರುವುದಕ್ಕೆ ಲಕ್ಷಣಗಳಿವೆ. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಪಾದ ತಣ್ಣಗಿರುತ್ತದೆ, ಕಾಲಿನ ಮೇಲಿನ ರೋಮ ಉದುರಿ ಚರ್ಮ ಹೊಳೆಯುತ್ತದೆ. ಬೀಡಿ ಸಿಗರೇಟು ಸೇದಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ತೋಳಿನ ರಕ್ತದೊತ್ತಡ ಮತ್ತು ಪಾದದ ಗಂಟಿನ ರಕ್ತದೊತ್ತಡ ಎರಡನ್ನೂ ಅಳೆದು ಹೋಲಿಸುವ ಸರಳ ಪರೀಕ್ಷೆಯಿಂದ ವೈದ್ಯರು ಇದನ್ನು ಪತ್ತೆ ಮಾಡುತ್ತಾರೆ. ವಯಸ್ಸಾದ ಮೇಲೆ ಕಾಲು ಹಿಡಿಯುವುದು ಸಹಜ ಎಂದು ಸುಮ್ಮನಿದ್ದರೆ ಬೆರಳು ಕಪ್ಪಾಗುವವರೆಗೂ ಗೊತ್ತಾಗದೆ ಹೋಗಬಹುದು.

ಎರಡೂ ಪಾದ ಊದಿಕೊಂಡಿದ್ದರೆ ಕಾರಣ ಬೇರೆಯೂ ಇರಬಹುದು: ಹೃದಯ, ಮೂತ್ರಪಿಂಡ, ಅಥವಾ ಬಿ.ಪಿ.ಗೆ ಕೊಡುವ ಆಮ್ಲೊಡಿಪಿನ್‌ನಂಥ ಮಾತ್ರೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ.

ಪೇಟೆ ದಾಟಿದರೆ ಭದ್ರಾ ನಾಲೆಯ ಗದ್ದೆಗಳು. ಮಳೆಗಾಲದ ನಾಟಿ, ಬೇಸಿಗೆ ಬೆಳೆಯ ನಾಟಿ ಎರಡರಲ್ಲೂ ಕೆಸರಿನಲ್ಲಿ ದಿನವಿಡೀ ನಿಲ್ಲುವವರಲ್ಲಿ ಅರವತ್ತು ದಾಟಿದ ಹೆಣ್ಣುಮಕ್ಕಳಿಗೇನೂ ಕೊರತೆಯಿಲ್ಲ. ನೀರಿನಲ್ಲಿ ನೆನೆದ ಬೆರಳ ಸಂದುಗಳು ಬೆಳ್ಳಗೆ ಮೆತ್ತಗಾಗಿ ಶಿಲೀಂಧ್ರ ಹತ್ತುತ್ತದೆ. ಊರಿನವರು ಕೆಸರು ಹುಣ್ಣು ಎನ್ನುವ ಇದು ಹೆಚ್ಚಾಗಿ ನಾಲ್ಕನೆಯ ಬೆರಳು ಮತ್ತು ಕಿರುಬೆರಳ ನಡುವೆ ಶುರುವಾಗುತ್ತದೆ. ತುರಿಕೆ ಮಾತ್ರವಾಗಿದ್ದರೆ ಹೆದರಬೇಕಾಗಿರಲಿಲ್ಲ. ಒಡೆದ ಆ ಸಂದಿನ ಮೂಲಕ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲು ಕೆಂಪಾಗಿ, ಬಿಸಿಯಾಗಿ, ಊದಿ ಚಳಿಜ್ವರ ಬರುತ್ತದೆ. ಸೆಲ್ಯುಲೈಟಿಸ್ ಎಂಬ ಈ ಸೋಂಕಿಗೆ ವಯಸ್ಸಾದವರು ಆಸ್ಪತ್ರೆ ಸೇರಬೇಕಾಗಬಹುದು. ಕಾಲಿನ ಸೋಂಕು ಮತ್ತೆ ಮತ್ತೆ ಬರುವವರಲ್ಲಿ ಬೆರಳ ಸಂದನ್ನು ಮೊದಲು ನೋಡಬೇಕು.

ಕೆಲಸ ಬಿಟ್ಟು ಕೂರಲು ಎಲ್ಲರಿಗೂ ಆಗುವುದಿಲ್ಲ. ಗದ್ದೆಯಿಂದ ಬಂದೊಡನೆ ಕಾಲು ತೊಳೆದು, ಒಣಬಟ್ಟೆಯಿಂದ ಒಂದೊಂದು ಬೆರಳ ಸಂದನ್ನೂ ಒರೆಸಿ ಆರಿಸುವುದು ಸಾಧ್ಯ. ಶಿಲೀಂಧ್ರದ ಮುಲಾಮನ್ನು ವೈದ್ಯರು ಹೇಳಿದಷ್ಟು ವಾರ ಪೂರ್ತಿ ಹಚ್ಚಬೇಕು. ತುರಿಕೆ ನಿಂತಿತೆಂದು ನಾಲ್ಕು ದಿನಕ್ಕೆ ಬಿಟ್ಟರೆ ಮರಳಿ ಬರುತ್ತದೆ. ಔಷಧಿ ಅಂಗಡಿಗೆ ಹೋಗಿ ತುರಿಕೆಗೆ ಒಂದು ಟ್ಯೂಬ್ ಕೊಡಿ ಎಂದರೆ ಬಹಳ ಸಲ ಕೈಗೆ ಬರುವುದು ಸ್ಟಿರಾಯ್ಡ್ ಬೆರೆತ ಮುಲಾಮು. ಅದು ತುರಿಕೆಯನ್ನು ಅಡಗಿಸಿ ಶಿಲೀಂಧ್ರವನ್ನು ಬೆಳೆಸುತ್ತದೆ, ಮೊದಲೇ ತೆಳುವಾದ ಮುದಿ ಚರ್ಮವನ್ನು ಇನ್ನಷ್ಟು ತೆಳುವಾಗಿಸುತ್ತದೆ. ಈ ಹಾವಳಿ ಮಿತಿಮೀರಿದ್ದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು.

ಹೆಣ್ಣುಮಕ್ಕಳ ಕಾಲುಂಗುರದ ಬಗ್ಗೆ ಹೇಳುವವರೇ ಇಲ್ಲ. ಮದುವೆಯ ದಿನ ತೊಟ್ಟ ಬೆಳ್ಳಿಯ ಉಂಗುರ ಐವತ್ತು ವರ್ಷವಾದರೂ ಅದೇ ಬೆರಳಲ್ಲಿರುತ್ತದೆ. ಅಷ್ಟರಲ್ಲಿ ಬೆರಳು ದಪ್ಪವಾಗಿರುತ್ತದೆ, ಗಂಟು ಉಬ್ಬಿರುತ್ತದೆ, ಸಂಜೆಯ ಹೊತ್ತಿಗೆ ಪಾದ ಊದುತ್ತದೆ. ಉಂಗುರದ ಕೆಳಗೆ ನೀರು, ಸೋಪು, ಕೊಳೆ ನಿಂತು ಚರ್ಮ ಕೊರೆಯುತ್ತದೆ. ತಿರುಗಿಸಿದರೆ ತಿರುಗದ ಉಂಗುರವನ್ನು ಅಕ್ಕಸಾಲಿಗರಿಂದ ಬಿಡಿಸಿ, ಸಡಿಲಗೊಳಿಸಬಹುದಾದ ಬಾಯ್ತೆರೆದ ಉಂಗುರಕ್ಕೆ ಬದಲಿಸಿಕೊಂಡರೆ ಸಂಪ್ರದಾಯವೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

ಗದ್ದೆಯ ಕಾಲಿಗೆ ನೀರು ಹೆಚ್ಚಾದರೆ ಮನೆಯಲ್ಲಿರುವ ಹಿರಿಯರ ಕಾಲಿಗೆ ತೇವದ ಬರ. ವಯಸ್ಸಾದಂತೆ ಚರ್ಮದ ಎಣ್ಣೆ ಗ್ರಂಥಿಗಳು ಮತ್ತು ಬೆವರು ಗ್ರಂಥಿಗಳು ಮಂದವಾಗುತ್ತವೆ, ಹೊರಪದರ ತೆಳುವಾಗುತ್ತದೆ, ಅಂಗಾಲಿನ ಕೊಬ್ಬಿನ ಮೆತ್ತೆಯೂ ಸವೆಯುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಡಿಸೆಂಬರಿನಿಂದ ಫೆಬ್ರುವರಿವರೆಗೆ ಮೊಣಕಾಲ ಕೆಳಗಿನ ಚರ್ಮ ಬೂದಿ ಬಣ್ಣಕ್ಕೆ ತಿರುಗಿ ಹೊಟ್ಟೇಳುತ್ತದೆ, ಹಿಮ್ಮಡಿ ಒಡೆದು ರಕ್ತ ಜಿನುಗುತ್ತದೆ. ಚಳಿಯೆಂದು ಹಂಡೆಯ ಸುಡುನೀರನ್ನು ಸುರಿದುಕೊಂಡು, ಮೈಗೆಲ್ಲ ಸೋಪು ತಿಕ್ಕಿ, ಒರಟು ಕಲ್ಲಿನಿಂದ ಹಿಮ್ಮಡಿ ಉಜ್ಜುವುದು ನಮ್ಮ ಮನೆಗಳ ವಾಡಿಕೆ. ಈ ಮೂರೂ ಚರ್ಮದಲ್ಲಿ ಉಳಿದಿರುವ ಜಿಡ್ಡನ್ನು ತೆಗೆದುಹಾಕುತ್ತವೆ.

ಉಗುರುಬೆಚ್ಚಗಿನ ನೀರು, ಚುಟುಕು ಸ್ನಾನ, ಕಂಕುಳು ತೊಡೆಸಂದಿಗಷ್ಟೇ ಸೋಪು ಸಾಕು. ನೀರಿನ ಬಿಸಿಯನ್ನು ಸ್ಪರ್ಶವಿಲ್ಲದ ಕಾಲಿಟ್ಟು ನೋಡಬಾರದು, ಮೊಣಕೈ ಅದ್ದಿ ನೋಡಬೇಕು. ಮೈ ಒರೆಸಿದೊಡನೆ, ತೇವ ಪೂರ್ತಿ ಆರುವ ಮುನ್ನ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ ಅನ್ನೋ ಹಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ. ದಪ್ಪಗಟ್ಟಿದ ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮು ಹೆಚ್ಚು ಪರಿಣಾಮಕಾರಿ, ಆದರೆ ರಕ್ತ ಬರುವಷ್ಟು ಒಡೆದ ಜಾಗಕ್ಕೆ ಅದು ಉರಿಯುತ್ತದೆ. ಬೆರಳ ಸಂದಿಗೆ ಎಣ್ಣೆ, ಕ್ರೀಮು ಯಾವುದೂ ಬೇಡ, ಅಲ್ಲಿ ಒಣಗಿರಬೇಕು. ಎಣ್ಣೆ ಹಚ್ಚಿದ ಕಾಲಿನಲ್ಲಿ ಗ್ರಾನೈಟ್ ನೆಲದ ಮೇಲೆ ನಡೆದರೆ ಜಾರಿ ಸೊಂಟದ ಮೂಳೆ ಮುರಿಯಬಹುದು, ಆದ್ದರಿಂದ ರಾತ್ರಿ ಮಲಗುವ ಮುನ್ನ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳುವುದು ಒಳ್ಳೆಯದು. ರಾತ್ರಿ ಎದ್ದು ನಡೆಯುವಾಗ ಅದರ ಮೇಲೆ ಚಪ್ಪಲಿ ಮೆಟ್ಟಬೇಕು.

ಎಣ್ಣೆಗೂ ಬಗ್ಗದ ತುರಿಕೆಯನ್ನು ಒಣಚರ್ಮವೆಂದು ತಳ್ಳಿಹಾಕಬಾರದು. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ತೊಂದರೆಗಳು ಮೈತುರಿಕೆಯಾಗಿ ಕಾಣಿಸಿಕೊಳ್ಳುತ್ತವೆ. ರಾತ್ರಿ ಹೆಚ್ಚಾಗುವ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಬರುವ ತುರಿಕೆ ಕಜ್ಜಿಯಾಗಿರಬಹುದು. ಅದಾದರೆ ಅಜ್ಜಿಯೊಬ್ಬರಿಗೆ ಔಷಧಿ ಹಚ್ಚಿ ಪ್ರಯೋಜನವಿಲ್ಲ, ಒಂದೇ ದಿನ ಮನೆಮಂದಿಗೆಲ್ಲ ಹಚ್ಚಬೇಕು.

ಮನೆಮದ್ದಿನ ಮಾತು ಬಂದಾಗ ಸ್ಪಷ್ಟವಾಗಿ ಹೇಳಲೇಬೇಕು. ಹಿಮ್ಮಡಿ ನೋವಿಗೆ ಎಕ್ಕದ ಎಲೆ ಕಾಯಿಸಿ ಕಟ್ಟುವುದು, ಆಣಿಗೆ ಎಕ್ಕದ ಹಾಲು ಬಿಡುವುದು, ಜೋಮು ಹಿಡಿದ ಕಾಲಿಗೆ ಬಿಸಿ ಇಟ್ಟಿಗೆಯ, ಮರಳಿನ, ಬಿಸಿನೀರಿನ ಚೀಲದ ಶಾಖ ಕೊಡುವುದು ಈ ಭಾಗದಲ್ಲಿ ತಲೆಮಾರುಗಳಿಂದ ಬಂದಿದೆ. ಎಕ್ಕದ ಹಾಲು ಚರ್ಮವನ್ನು ಸುಡುವ ವಸ್ತು. ಸ್ಪರ್ಶವಿರುವವರು ಉರಿ ತಾಳದೆ ಕಿತ್ತು ಹಾಕುತ್ತಾರೆ. ಸ್ಪರ್ಶವಿಲ್ಲದವರ ಕಾಲಿನಲ್ಲಿ ಅದು ಬೆಳಗಿನವರೆಗೆ ಇದ್ದು ಆಳವಾದ ಗಾಯ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯಲ್ಲೂ ಚರ್ಮ ಕರಗಿಸುವ ಆಮ್ಲವಿರುತ್ತದೆ. ಬ್ಲೇಡಿನಿಂದ ಆಣಿ ಕೊಯ್ದುಕೊಳ್ಳುವುದಂತೂ ಮಧುಮೇಹಿಗಳ ಕಾಲಿನ ಹುಣ್ಣಿಗೆ ಸಾಮಾನ್ಯ ಕಾರಣಗಳಲ್ಲೊಂದು. ಅಂಗಾಲಿನ ಆಣಿ ಎಂದರೆ ಆ ಜಾಗಕ್ಕೆ ಅಗತ್ಯಕ್ಕಿಂತ ಹೆಚ್ಚು ಭಾರ ಬೀಳುತ್ತಿದೆ ಎಂದರ್ಥ. ಅದರ ಅಡಿಯಲ್ಲೇ ಹುಣ್ಣು ಕೂತಿರಬಹುದು. ತೆಗೆಯುವ ಕೆಲಸವನ್ನು ವೈದ್ಯರಿಗೆ ಬಿಡಬೇಕು.

ಕಾಲುಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ, ವಯಸ್ಸಾದಂತೆ ಬೆಳವಣಿಗೆ ಇನ್ನೂ ನಿಧಾನವಾಗುತ್ತದೆ, ಉಗುರು ದಪ್ಪಗಾಗುತ್ತದೆ. ಸ್ನಾನದ ನಂತರ ಮೆತ್ತಗಿರುವಾಗ, ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಒಳಗೆ ಕೊರೆದು ತೆಗೆದರೆ ಉಗುರು ಮಾಂಸದೊಳಗೆ ಬೆಳೆದು ಉಗುರುಸುತ್ತಾಗುತ್ತದೆ. ಕಣ್ಣು ಸರಿಯಾಗಿ ಕಾಣದ, ಕೈ ನಡುಗುವ ಹಿರಿಯರ ಉಗುರನ್ನು ಮನೆಯವರೇ ಕತ್ತರಿಸಿಕೊಡಬೇಕು.

ಇನ್ನು ಚಪ್ಪಲಿ. ಸವೆದ ಹವಾಯಿ ಚಪ್ಪಲಿಯ ತೆಳು ಅಟ್ಟೆಯನ್ನು ಜಾಲಿಮುಳ್ಳು ಸಲೀಸಾಗಿ ದಾಟುತ್ತದೆ. ಅದರ ಉಂಗುಷ್ಠದ ಪಟ್ಟಿ ಬೆರಳ ಸಂದನ್ನು ಕೊರೆಯುತ್ತದೆ. ಸ್ಪರ್ಶವಿಲ್ಲದ ಕಾಲಿಗೆ ಯಾವ ಚಪ್ಪಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕುಷ್ಠರೋಗದ ಚಿಕಿತ್ಸೆಯಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು 1940ರ ದಶಕದ ಕೊನೆಯಿಂದ ಮಾಡಿದ ಕೆಲಸದಿಂದ ಒಂದು ವಿಷಯ ತಿಳಿಯಿತು: ಕುಷ್ಠರೋಗಿಗಳ ಬೆರಳುಗಳು ಕಳೆದುಹೋಗುವುದಕ್ಕೆ ನೋವು ತಿಳಿಯದೆ ಆಗುವ ಗಾಯಗಳು ದೊಡ್ಡ ಕಾರಣ. ಆ ಕಾಲಿಗೆಂದು ಮೆತ್ತನೆಯ ಒಳಹಾಸು, ಗಟ್ಟಿ ಹೊರಅಟ್ಟೆಯಿರುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಬಳಕೆಗೆ ಬಂತು. ಇಂದು ಅದೇ ಬಗೆಯ ಚಪ್ಪಲಿ ಮಧುಮೇಹಿಗಳಿಗೂ ಆಸರೆ. ಹಿಂಬದಿಗೆ ಪಟ್ಟಿ ಇರಬೇಕು, ಮುಂದೆ ಬೆರಳಿಗೆ ಜಾಗವಿರಬೇಕು, ಸಂಜೆ ಪಾದ ತುಸು ಊದಿದ ಹೊತ್ತಿನಲ್ಲಿ ಕೊಳ್ಳಬೇಕು. ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಹರಳು, ಮೊಳೆ ಇದೆಯೇ ನೋಡಬೇಕು.

ಮನೆಯೊಳಗೆ ಚಪ್ಪಲಿ ಮೆಟ್ಟುವುದು ನಮ್ಮ ಹಿರಿಯರಿಗೆ ಒಗ್ಗದ ಮಾತು. ಹೊರಗಿನ ನೆಲ ಮುಟ್ಟದ, ಒಳಗಷ್ಟೇ ಬಳಸುವ ಶುಭ್ರವಾದ ಜೋಡಿಯೊಂದನ್ನು ಮಕ್ಕಳು ತಂದುಕೊಟ್ಟು, ದೇವರ ಮನೆಯ ಬಾಗಿಲಲ್ಲಿ ಬಿಟ್ಟು ಹೋಗಲು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಹರಿಹರೇಶ್ವರನ ದರ್ಶನವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬಹುದು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನ ಸನ್ನಿಧಿಗೆ ಹೋದವರು ತುಂಗಭದ್ರೆಯ ದಡದ ಕಲ್ಲುಮುಳ್ಳಿನಲ್ಲಿ ಬರಿಗಾಲಲ್ಲಿ ಓಡಾಡದೆ ನೀರಿನಂಚಿನವರೆಗೂ ಚಪ್ಪಲಿ ಮೆಟ್ಟಬಹುದು. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲಿನಲ್ಲಿ ಹಿರಿಯರ ಕಾಲು ತುಳಿತಕ್ಕೆ ಸಿಕ್ಕಿದ್ದರೆ ಅಂದೇ ರಾತ್ರಿ ದೀಪದ ಕೆಳಗೆ ನೋಡಬೇಕು.

ಹೀಗೆ ನೋಡುವುದು ದಿನದ ಕೆಲಸವಾಗಬೇಕು. ಅಂಗಾಲು, ಹಿಮ್ಮಡಿ, ಬೆರಳ ಸಂದು, ಉಗುರಿನ ಅಂಚು: ಒಬ್ಬರೇ ಇರುವವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಬಹುದು, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಬಹುದು. ಬೊಬ್ಬೆ, ಬಿರುಕಿನಲ್ಲಿ ರಕ್ತ, ಹೊಸ ಕೆಂಪು, ಒಂದೇ ಪಾದದಲ್ಲಿ ಬಿಸಿ ಮತ್ತು ಊತ, ಕೀವು, ವಾಸನೆ, ಕಪ್ಪಾದ ಬೆರಳು ಕಂಡರೆ ನೋವಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಧುಮೇಹ ಇರುವವರಲ್ಲಿ ಐವರಿಗೆ ಒಬ್ಬರಿಂದ ಮೂವರಿಗೆ ಒಬ್ಬರವರೆಗೆ ಜೀವಮಾನದಲ್ಲಿ ಒಮ್ಮೆಯಾದರೂ ಕಾಲಿನ ಹುಣ್ಣು ಬರಬಹುದು ಎಂಬುದು ತಜ್ಞರ ಅಂದಾಜು. ಕಾಲು ಕತ್ತರಿಸುವ ಹಂತ ತಲುಪಿದವರಲ್ಲಿ ಬಹುಪಾಲು ಮಂದಿಯ ಕತೆ ಇಂಥ ಸಣ್ಣ ಹುಣ್ಣಿನಿಂದಲೇ ಶುರುವಾಗಿರುತ್ತದೆ.

ಮನೆಯವರು ನೋಡಿದರೆ ಸಾಲದು, ವ್ಯವಸ್ಥೆಯೂ ನೋಡಬೇಕು. ಅದಕ್ಕೆ ಬೇಕಾದದ್ದು ದಾವಣಗೆರೆ, ಹರಿಹರದಲ್ಲಿದೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಸಂಸ್ಥೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಹರಿಹರದ ತಾಲ್ಲೂಕು ಆಸ್ಪತ್ರೆ ಕೈಗೆಟಕುವ ದೂರದಲ್ಲಿವೆ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯ ತಪಾಸಣೆಯಲ್ಲಿ ಮಧುಮೇಹದಿಂದ ಬರುವ ಪಾದದ ತೊಂದರೆಯೂ ಸೇರಿದೆ. ಮನೆ ಬಾಗಿಲಿಗೆ ಬಂದ ಆರೋಗ್ಯ ಸಿಬ್ಬಂದಿಗೆ ಬಿ.ಪಿ., ಶುಗರ್ ತೋರಿಸುವಾಗ ಪಾದವನ್ನೂ ತೋರಿಸುವುದು ಹಿರಿಯರ ಹಕ್ಕು.

ತಿಂಗಳ ಮಾತ್ರೆಗೆಂದು ಆಸ್ಪತ್ರೆಗೆ ಹೋದವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಅಂಕಿ ಬರೆದು, ಚೀಟಿ ಕೊಟ್ಟು ಕಳಿಸಿದರೆ ಅರ್ಧ ತಪಾಸಣೆಯಾದಂತೆ. ಉಳಿದರ್ಧಕ್ಕೆ ಬೇಕಾದದ್ದು ಕಾಲು ಚಾಚಲು ಒಂದು ಸ್ಟೂಲು, ಒಂದು ನೈಲಾನ್ ಎಳೆ, ಒಂದು ಶ್ರುತಿಕವೆ, ಪಾದದ ನಾಡಿ ಹಿಡಿದು ನೋಡುವ ತರಬೇತಿ. ದಾವಣಗೆರೆ, ಹರಿಹರದ ಪ್ರತಿಯೊಂದು ಮಧುಮೇಹ ಚಿಕಿತ್ಸಾ ಕೊಠಡಿಯಲ್ಲೂ ಇವಿಷ್ಟು ಇರಲೇಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಸ್ಪರ್ಶ, ರಕ್ತಸಂಚಾರ ಸರಿಯಿರುವ ಮಧುಮೇಹಿಗಳ ಪಾದವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಇವೆರಡರಲ್ಲಿ ಒಂದು ಕುಂದಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಎರಡೂ ಕುಂದಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ, ಒಂದೇ ಕುಂದಿದ್ದರೂ ಅದರ ಜೊತೆಗೆ ಹಿಂದೆ ಹುಣ್ಣಾಗಿದ್ದರೆ ಒಂದರಿಂದ ಮೂರು ತಿಂಗಳಿಗೊಮ್ಮೆ. ಮುಂದಿನ ಭೇಟಿಯಲ್ಲಿ ವೈದ್ಯರು ಕೇಳದಿದ್ದರೂ ಅಪ್ಪನದೋ ಅಮ್ಮನದೋ ಕಾಲುಚೀಲ ಕಳಚಿ, ನಮ್ಮ ಸರದಿ ಇವುಗಳಲ್ಲಿ ಯಾವುದು ಎಂದು ಮಕ್ಕಳೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು.